ಬಾಗಿಲ ಬಲಕ್ಕಿದ್ದ ಕೆಂಪು ಗಾಡಿ

ನಾಲ್ಕು ಚಕ್ರ, ಐದು ಡ್ರಾಯರು, ಬೆನ್ನಿಗೊಂದು ಆಕ್ಸಿಜನ್ ಸಿಲಿಂಡರು. ಇಷ್ಟು ಕೂಡಿದರೆ ನಾನು. ಆಸ್ಪತ್ರೆಯ ಕಾಗದಪತ್ರದಲ್ಲಿ ನನ್ನ ಹೆಸರು ತುರ್ತು ಚಿಕಿತ್ಸಾ ಟ್ರಾಲಿ. ಬಾಯಿಮಾತಿನಲ್ಲಿ ನಾನು ಎಲ್ಲರಿಗೂ ಕೆಂಪು ಗಾಡಿ. ಉಸಿರು ನಿಂತವರ, ಎದೆಬಡಿತ ತಪ್ಪಿದವರ ಹತ್ತಿರಕ್ಕೆ ಓಡುವುದು ನನ್ನ ಕೆಲಸ. ಹದಿನಾರು ವರ್ಷ ಓಡಿದೆ. ಆ ಓಟದ ಬಗ್ಗೆ ನನಗೆ ಹೆಮ್ಮೆಯಿದೆ. ಮೊದಲ ಮೂರು ವರ್ಷಗಳ ಬಗ್ಗೆ ಮಾತ್ರ ನಾಚಿಕೆ. ಅದನ್ನೂ ಮುಚ್ಚಿಡುವುದಿಲ್ಲ.

ನಾನು ಹುಟ್ಟಿದ್ದು ಹುಬ್ಬಳ್ಳಿಯ ಒಂದು ತಗಡಿನ ಶೆಡ್ಡಿನಲ್ಲಿ. ಅಲ್ಲಿ ಕಪಾಟು, ಮಂಚ, ಶಾಲೆಯ ಬೆಂಚು ತಯಾರಾಗುತ್ತಿದ್ದವು. ನನ್ನನ್ನು ಬೆಸೆದವನು ದ್ಯಾಮಣ್ಣ ಎಂಬ ವೆಲ್ಡರ್. ಅವನು ಇಂಥ ಗಾಡಿಯನ್ನು ಅದುವರೆಗೆ ಕಂಡವನಲ್ಲ. ಕೈಯಲ್ಲಿದ್ದದ್ದು ಒಂದು ನಕ್ಷೆ, ಅಷ್ಟೇ. ಡ್ರಾಯರುಗಳೆಲ್ಲ ಸಿದ್ಧವಾದ ಮೇಲೂ ಅವನು ಒಂದೊಂದರ ಅಂಚಿಗೂ ಹೆಬ್ಬೆರಳು ಓಡಿಸಿ ನೋಡಿ, ಅರದಿಂದ ಉಜ್ಜುತ್ತಲೇ ಇದ್ದ. ಮಾಲೀಕ ಅವಸರಪಡಿಸಿದಾಗ, "ಗಡಿಬಿಡ್ಯಾಗ ಕೈ ಹಾಕೋ ಡ್ರಾಯರು ಇವು, ಸಾವ್ಕಾರ್ರ. ಕೊಯ್ಕೋಬಾರದು" ಎಂದ. ಕೆಂಪು ಬಣ್ಣ ಬಳಿದು, ಅದು ಒಣಗುವ ಮೊದಲೇ ನನ್ನನ್ನು ಟೆಂಪೊಗೆ ಏರಿಸಿದರು.

ಬಂದು ಇಳಿದದ್ದು ಹೆದ್ದಾರಿಯ ಪಕ್ಕದ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ. ತುರ್ತು ವಿಭಾಗದಲ್ಲಿ ಆರು ಮಂಚಗಳಿದ್ದವು. ಎರಡು ರೆಕ್ಕೆಯ ಬಾಗಿಲು. ಆ ಬಾಗಿಲ ಬಲಕ್ಕೆ ನನ್ನನ್ನು ನಿಲ್ಲಿಸಿದರು. ಮೊದಲ ದಿನ ಒಬ್ಬರು ಕುಂಕುಮ ಹಚ್ಚಿ ಹೂವಿಟ್ಟರು. ಎರಡನೇ ವಾರ ನನ್ನ ತಲೆಯ ಮೇಲೆ ಒಂದು ಊಟದ ಡಬ್ಬಿ ಬಂತು. ಆಮೇಲೆ ಹಾಜರಿ ಪುಸ್ತಕ, ಯಾರದೋ ಸ್ವೆಟರು, ಚಹದ ಫ್ಲಾಸ್ಕು. ಮೇಲಿನ ಡ್ರಾಯರಿನ ಕತ್ತರಿ ಒಂದು ದಿನ ಪಕ್ಕದ ವಾರ್ಡಿಗೆ ಹೋಯಿತು, ಮರಳಿ ಬರಲಿಲ್ಲ. ತೆಗೆದುಕೊಂಡವರು ತಿರುಗಿ ಇಡಲಿಲ್ಲ, ಇಲ್ಲವೆಂದು ಕಂಡವರು ಕೇಳಲಿಲ್ಲ. ಯಾರೂ ಕೆಟ್ಟವರಲ್ಲ. ಮೂರು ಮಂದಿ ನರ್ಸುಗಳು, ಮೂವತ್ತು ಮಂದಿ ರೋಗಿಗಳು. ನಾನು ಮೂಲೆಯ ಒಂದು ಮೇಜಾಗಿಬಿಟ್ಟೆ.

ಮೂರನೇ ವರ್ಷ, ಸಂತೆಯ ದಿನ ಮಧ್ಯಾಹ್ನ ಮಾಬೂಸಾಬ ಎಂಬ ಟೇಲರನ್ನು ಹೊತ್ತು ತಂದರು. ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು. ಹೊಲಿಗೆ ಯಂತ್ರದ ಮುಂದೆ ಕೂತಲ್ಲೇ ವಾಲಿದನಂತೆ. ಎದೆಬಡಿತ ನಿಂತಿತ್ತು. ನೀಲಾಂಬಿಕಾ ಹೊಸಮನಿ ಎಂಬ ನರ್ಸು ಮಂಚಕ್ಕೆ ಏರಿ ಎದೆ ಒತ್ತತೊಡಗಿದರು. ಡಾಕ್ಟರ್ ಇನಾಮದಾರ್ ಉಸಿರಿನ ಕೊಳವೆ ಹಾಕಲು ನನ್ನ ಎರಡನೇ ಡ್ರಾಯರಿಗೆ ಕೈ ಹಾಕಿದರು. ಗಂಟಲೊಳಗೆ ಬೆಳಕು ಬಿಟ್ಟು ದಾರಿ ತೋರಿಸುವ ಲ್ಯಾರಿಂಗೋಸ್ಕೋಪ್ ಎಂಬ ಉಪಕರಣ ಅಲ್ಲಿರುತ್ತದೆ. ಅವರು ಅದನ್ನು ಬಿಡಿಸಿದರು. ದೀಪ ಹತ್ತಲಿಲ್ಲ. ಸೆಲ್ಲು ಸತ್ತು ಎಷ್ಟು ದಿನವಾಗಿತ್ತೋ. ಮತ್ತೊಂದು ಸೆಲ್ಲು ನನ್ನೊಳಗೆ ಇರಲಿಲ್ಲ. ಯಾರೋ ಆಪರೇಷನ್ ಕೋಣೆಗೆ ಓಡಿದರು. ಅದರ ಬೀಗದ ಕೈ ಹುಡುಕಿ, ಬೇರೆ ಉಪಕರಣ ತರುವಷ್ಟರಲ್ಲಿ ನಾಲ್ಕು ನಿಮಿಷ ಕಳೆದಿತ್ತು.

ಮಾಬೂಸಾಬ ಉಳಿಯಲಿಲ್ಲ. ಅವನ ಹೆಂಡತಿ ಬಂದು, ಕೊರಳಿನ ಟೇಪನ್ನು ಬಿಡಿಸಿಕೊಂಡು, ಸುರುಳಿ ಸುತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡು ಹೋದಳು.

ಸಂಜೆ ನೀಲಾಂಬಿಕಾ ನನ್ನ ಮುಂದೆ ಬಂದು ನಿಂತರು. ಡಾಕ್ಟರು ಹಿಂದಿನಿಂದ ಬಂದು ಮೆಲ್ಲಗೆ ಹೇಳಿದರು. "ಸಿಸ್ಟರ್, ದೀಪ ಹತ್ತಿದ್ರೂ ಉಳೀತಿದ್ರೋ ಇಲ್ಲೋ, ಹೇಳಾಕ ಆಗಂಗಿಲ್ರಿ."

"ಅದ ನೋಡ್ರಿ ಸರ್, ನನಗ ತಡಕೊಳ್ಳಾಕ ಆಗವಲ್ದು" ಎಂದರು ನೀಲಾಂಬಿಕಾ. "ಹೇಳಾಕ ಆಗಂಗಿಲ್ಲ ಅನ್ನೂದ."

ಮರುದಿನ ಅವರು ತಮ್ಮ ಪಾಳಿಗೆ ಒಂದು ಗಂಟೆ ಮೊದಲೇ ಬಂದರು. ಡಬ್ಬಿ, ಸ್ವೆಟರು, ಫ್ಲಾಸ್ಕು, ಎಲ್ಲವನ್ನೂ ನನ್ನ ಮೇಲಿನಿಂದ ಎತ್ತಿ ಕಿಟಕಿಯ ಮೇಲಿಟ್ಟರು. ಐದೂ ಡ್ರಾಯರು ಬರಿದು ಮಾಡಿ ಒರೆಸಿದರು. ಮೇಲಿನದರಲ್ಲಿ ಔಷಧ, ಎರಡನೆಯದರಲ್ಲಿ ಉಸಿರಿನ ಸಾಮಾನು, ಮೂರನೆಯದರಲ್ಲಿ ಸೂಜಿ ಸಿರಿಂಜು, ನಾಲ್ಕನೆಯದರಲ್ಲಿ ಸಲೈನು, ಕೊನೆಯದರಲ್ಲಿ ಹೆಚ್ಚುವರಿ. ಯಾವುದು ಎಲ್ಲಿ ಎಂದು ಬರೆದು ಅಂಟಿಸಿದರು. ದೀಪ ಹತ್ತಿಸಿ ನೋಡಿದರು, ಸಿಲಿಂಡರು ತಿರುವಿ ನೋಡಿದರು, ಎದೆಗೆ ಕರೆಂಟು ಕೊಡುವ ಯಂತ್ರವನ್ನು ಪರೀಕ್ಷೆ ಮಾಡಿದರು. ಕೊನೆಗೆ ಎಲ್ಲ ಡ್ರಾಯರಿಗೂ ಸೇರಿಸಿ ಒಂದು ತೆಳು ಪ್ಲಾಸ್ಟಿಕ್ ಕಟ್ಟು ಹಾಕಿದರು. ಅದು ಬೀಗವಲ್ಲ. ಕೈಯಿಂದ ತಿರುಚಿದರೆ ಮುರಿಯುತ್ತದೆ. ಆದರೆ ಅದು ಮುರಿದಿದೆಯೆಂದರೆ ಯಾರೋ ತೆರೆದಿದ್ದಾರೆ, ಮತ್ತೆ ಎಲ್ಲವನ್ನೂ ನೋಡಬೇಕು ಎಂದರ್ಥ. ಇದು ದಿನಕ್ಕೆ ಮೂರು ಸಲ, ಪ್ರತಿ ಪಾಳಿಯ ಶುರುವಿಗೆ.

ಜೊತೆಯವರು ಗೊಣಗಿದರು. "ಇರೋದ ಮೂರ ಮಂದಿ ಅದೀವಿ. ಪೇಷಂಟ್ ನೋಡೂಣೋ, ಗಾಡಿ ನೋಡೂಣೋ?"

"ಗಾಡಿ ನೋಡಿದ್ರ ಪೇಷಂಟ್ ನೋಡಿದಂಗ."

ನೀಲಾಂಬಿಕಾ ಗಿರಣಿಯವರ ಮಗಳು. ಹಿಟ್ಟಿನ ಗಿರಣಿಯ ಸದ್ದಿನ ಮೇಲೆ ಮಾತಾಡಿ ಬೆಳೆದ ಗಂಟಲು. ಅವರು ಮೆಲ್ಲಗೆ ಹೇಳಿದ್ದೂ ಆರನೇ ಮಂಚಕ್ಕೆ ಕೇಳಿಸುತ್ತಿತ್ತು. ಎರಡು ವರ್ಷದಲ್ಲಿ ಅವರೇ ವಿಭಾಗದ ಇನ್‌ಚಾರ್ಜ್ ಸಿಸ್ಟರ್ ಆದರು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋದವರು ಅವರ ಬಾಯಿಗೆ ಸಿಕ್ಕಿಬೀಳುತ್ತಿದ್ದರು. "ಮುಚ್ಚಳ ಬ್ಯಾಡ! ಸೀದಾ ಡಬ್ಬಿಗೆ!" ಆ ಬಿಳಿ ಡಬ್ಬಿಯನ್ನು ನನ್ನ ಎಡಕ್ಕೆ ಸಿಕ್ಕಿಸಿದ್ದೂ ಅವರೇ. ಸೂಜಿ ಚುಚ್ಚಿಕೊಂಡ ನರ್ಸಿನ ಬೆರಳಿಗೆ ಯಾವ ರೋಗದ ರಕ್ತ ತಾಗಿತೋ ಎಂದು ಅವಳು ಆರು ತಿಂಗಳು ನಿದ್ದೆಗೆಟ್ಟು ಪರೀಕ್ಷೆಯ ಫಲಿತಾಂಶ ಕಾಯಬೇಕಾಗುತ್ತದೆ. ಅಂಥ ಕಾಯುವಿಕೆ ನಮ್ಮಲ್ಲಿ ಅಪರೂಪವಾಗುತ್ತ ಬಂತು.

ಆಗ ಹೊಸದಾಗಿ ಸೇರಿದವಳು ಪ್ರಫುಲ್ಲಾ ಮಡಿವಾಳರ. ಇಪ್ಪತ್ಮೂರರ ವಯಸ್ಸು, ಚುರುಕು ಕೈ. ಅವಳ ವಿಷಯದಲ್ಲಿ ನಾನೊಂದು ಘಟನೆ ಹೇಳಲೇಬೇಕು. ಅದನ್ನು ನೋಡಿದ್ದು ನಾನೊಬ್ಬನೇ.

ಒಬ್ಬ ಮುದುಕರ ಎದೆಬಡಿತ ತೀರ ನಿಧಾನವಾಗಿತ್ತು. "ಅಟ್ರೋಪಿನ್!" ಎಂದರು ಡಾಕ್ಟರು. ಪಕ್ಕದ ಮಂಚದಲ್ಲಿ ಮಗು ಅಳುತ್ತಿತ್ತು, ಬಾಗಿಲಲ್ಲಿ ಯಾರೋ ಜಗಳ ಆಡುತ್ತಿದ್ದರು, ಫೋನು ಹೊಡೆದುಕೊಳ್ಳುತ್ತಿತ್ತು. ಪ್ರಫುಲ್ಲಾ ನನ್ನ ಮೇಲಿನ ಡ್ರಾಯರು ಎಳೆದಳು. ಅಟ್ರೋಪಿನ್ನೂ ಅಡ್ರಿನಲಿನ್ನೂ ಅಕ್ಕಪಕ್ಕದಲ್ಲಿದ್ದವು. ಎರಡೂ ಕಿರುಬೆರಳಿನಷ್ಟು ಗಾಜಿನ ಆಂಪೂಲುಗಳು. ಅವಳು ಒಂದನ್ನು ಮುರಿದು ಸಿರಿಂಜಿಗೆ ಎಳೆದುಕೊಂಡಳು. ಮಂಚದ ಕಡೆ ತಿರುಗಿದಳು. ಮತ್ತೆ ಏನೆನ್ನಿಸಿತೋ, ಮುರಿದ ಆಂಪೂಲನ್ನು ಬೆಳಕಿಗೆ ಹಿಡಿದು ಓದಿದಳು. ಅಡ್ರಿನಲಿನ್. ಆ ಮುದುಕರ ರಕ್ತಕ್ಕೆ ಅಷ್ಟನ್ನೂ ಒಮ್ಮೆಲೇ ಏರಿಸಿದ್ದರೆ ಎದೆ ತಾಳುತ್ತಿರಲಿಲ್ಲ. ಅವಳು ಸಿರಿಂಜನ್ನು ಡಬ್ಬಿಗೆ ಹಾಕಿ, ಸರಿಯಾದದ್ದನ್ನು ಎಳೆದು, ಕೊಟ್ಟಳು. ಮುದುಕರು ಚೇತರಿಸಿಕೊಂಡರು. ಇಡೀ ಸಂಗತಿಗೆ ಹಿಡಿದದ್ದು ಇಪ್ಪತ್ತು ಸೆಕೆಂಡು. ಯಾರಿಗೂ ತಿಳಿಯಲಿಲ್ಲ. ತಿಳಿಯುವಂತೆಯೂ ಇರಲಿಲ್ಲ.

ಪಾಳಿ ಮುಗಿದಾಗ ಎಲ್ಲರೂ ನನ್ನ ಸುತ್ತ ಸೇರಿ ಕೆಲಸ ಒಪ್ಪಿಸುವುದು ರೂಢಿ. ಪ್ರಫುಲ್ಲಾಳ ಮುಖ ಬಿಳಚಿಕೊಂಡಿತ್ತು.

"ಸಿಸ್ಟರ್, ಇವತ್ತ ನಾ ಒಂದ್ ತಪ್ಪ ಮಾಡಿದೆ. ಮಾಡೋದಿತ್ತು, ತಪ್ಪಿತು." ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಅತ್ತಳು.

ಬೈಗುಳ ಬೀಳುತ್ತದೆಂದು ಎಲ್ಲರೂ ಕಾದರು. ನಾನೂ ಕಾದೆ. ನೀಲಾಂಬಿಕಾ ಬಗ್ಗಿ ನನ್ನ ಡ್ರಾಯರು ಎಳೆದು, ಎರಡೂ ಆಂಪೂಲುಗಳನ್ನು ಅಂಗೈಯಲ್ಲಿಟ್ಟು ನೋಡಿದರು.

"ಇವೆರಡನ್ನೂ ಮಗ್ಗಲಕ ಮಗ್ಗಲ ಇಟ್ಟಾಕಿ ಯಾರು? ನಾನ. ತಪ್ಪು ನನ್ನಿಂದ ಶುರು ಆತು, ನಿನ್ನ ಹತ್ರ ಬಂದ್ ನಿಂತಿತು. ಕಣ್ಣೊರಸ್ಕೋ. ಬರೀ ಒಂದ್ ಚೀಟಿ, ಡಾಕ್ಟರ್ರಿಗೂ ಗೊತ್ತಾಗ್ಲಿ."

ಅಂದೇ ಎರಡಕ್ಕೂ ಬೇರೆ ಬೇರೆ ಖಾನೆಗಳಾದವು, ಅಡ್ರಿನಲಿನ್ನಿಗೆ ಕೆಂಪು ಪಟ್ಟಿ ಬಂತು. ಆ ದಿನದಿಂದ ಡಾಕ್ಟರು ಔಷಧ ಹೇಳಿದರೆ ನರ್ಸು ಅದನ್ನು ಗಟ್ಟಿಯಾಗಿ ತಿರುಗಿ ಹೇಳಬೇಕು. ಎಳೆದುಕೊಂಡ ಮೇಲೆ ಇನ್ನೊಬ್ಬರಿಗೆ ಆಂಪೂಲು ತೋರಿಸಬೇಕು. ಡಾಕ್ಟರ್ ಇನಾಮದಾರರಿಗೆ ಮೊದಮೊದಲು ಸಿಟ್ಟು ಬರುತ್ತಿತ್ತು, "ನಾ ಹೇಳಿದ್ದು ಕೇಳಿಸ್ಲಿಲ್ಲೇನು?" ಎನ್ನುತ್ತಿದ್ದರು. ಒಂದು ದಿನ ಅವರು ಹೇಳಿದ ಪ್ರಮಾಣವನ್ನು ಅವರಿಗೇ ತಿರುಗಿ ಹೇಳಿದಾಗ ತಮ್ಮ ತಪ್ಪು ಅವರಿಗೇ ಕೇಳಿಸಿತು. ಅಲ್ಲಿಂದ ಮುಂದೆ ಯಾರಾದರೂ ತಿರುಗಿ ಹೇಳುವುದನ್ನು ಮರೆತರೆ ಸಿಟ್ಟು ಬರುತ್ತಿದ್ದದ್ದು ಅವರಿಗೇ.

ನನ್ನ ಬಲಮಗ್ಗುಲಲ್ಲಿ ಒಂದು ದೊಡ್ಡ ತಗ್ಗಿದೆ. ಅದರ ಕಥೆ ಬೇರೆ.

ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದ ಒಬ್ಬ ತರುಣನನ್ನು ತಂದರು. ತಲೆಗೆ ಪೆಟ್ಟು. ಅವನ ಹಿಂದೆ ನಲವತ್ತು ಜನ ನುಗ್ಗಿದರು. ಒಳಗಿದ್ದವರು ಒಂದು ಗಂಟೆ ಅವನ ಜೀವ ಹಿಡಿಯಲು ಹೆಣಗಿದರು. ಹೊರಗಿದ್ದವರಿಗೆ ಆ ಒಂದು ಗಂಟೆ ಒಂದು ಸುದ್ದಿಯೂ ಹೋಗಲಿಲ್ಲ. ಅವನ ಅಣ್ಣ ಬಾಗಿಲು ಒದ್ದು ಒಳಗೆ ಬಂದ. ಕೈಗೆ ಸಿಕ್ಕ ಸಲೈನಿನ ಕಬ್ಬಿಣದ ಕಂಬವನ್ನು ಎತ್ತಿದ. ಎದುರಿಗೆ ಪ್ರಫುಲ್ಲಾ ಬೆನ್ನು ತಿರುಗಿಸಿ, ಬಗ್ಗಿ, ರೋಗಿಯ ಕೈಗೆ ಸೂಜಿ ಹಾಕುತ್ತಿದ್ದಳು. ನೀಲಾಂಬಿಕಾ ನನ್ನನ್ನು ಹಿಡಿದು ಇಬ್ಬರ ನಡುವೆ ನೂಕಿದರು. ಏಟು ನನ್ನ ಮಗ್ಗುಲಿಗೆ ಬಿತ್ತು. ಹಿಡಿಕೆಯ ಮೇಲಿದ್ದ ಅವರ ಎರಡು ಬೆರಳು ಮುರಿದವು.

ಅವರು ಕಿರುಚಲಿಲ್ಲ. ಆ ಗಿರಣಿಯ ಗಂಟಲಲ್ಲಿ ಹೇಳಿದರು. "ಹೊಡೀಬೇಕಂದ್ರ ಆಮ್ಯಾಲೆ ಹೊಡಿ. ಈಗ ಆಕಿ ನಿನ್ನ ತಮ್ಮನ ಕೈಗೆ ಸೂಜಿ ಹಾಕಾಕತ್ತಾಳ. ಆಕಿ ಕೈ ಅಲ್ಲಾಡಿದ್ರ ನೋವಾಗೋದು ಅವಗ."

ಕಂಬ ಕೆಳಗೆ ಬಿತ್ತು. ಅವನು ಅಲ್ಲೇ ಗೋಡೆಗೆ ಒರಗಿ ಕುಸಿದು ಕೂತ. ತಮ್ಮನನ್ನು ದೊಡ್ಡ ಆಸ್ಪತ್ರೆಗೆ ಕಳಿಸಿದರು, ಬದುಕಿದ.

ಮರುದಿನ ನೀಲಾಂಬಿಕಾ ಪಟ್ಟಿ ಕಟ್ಟಿದ ಕೈಯಲ್ಲೇ ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟು ಬಂದರು. "ಹೋಗ್ಲಿ ಬಿಡ್ರಿ, ಪಾಪ, ಸಂಕಟದಾಗ ಮಾಡ್ಯಾನ" ಎಂದವರಿಗೆ, "ಪಾಪ ಅನ್ನೂದು ಖರೆ. ಆದ್ರ ನಾ ಬಿಟ್ರ ನಾಳೆ ಇನ್ನೊಬ್ಬಾಕಿಗೆ ಬೀಳ್ತೈತಿ" ಎಂದರು. ಅದೇ ದಿನ ತಮ್ಮವರನ್ನೂ ಕೂಡಿಸಿಕೊಂಡು ಹೇಳಿದರು. "ಒಬ್ಬ ಪೇಷಂಟಿಗೆ ಒಬ್ಬರ ಒಳಗ. ಬಾಗಲದಾಗ ಕಾವಲಿನಾಂವ ಬೇಕ ಬೇಕು, ನಾ ಬರದು ಕೊಡ್ತೀನಿ. ಮತ್ತ ಹದಿನೈದ್ ನಿಮಿಷಕ್ಕೊಮ್ಮೆ ಒಬ್ಬರು ಹೊರಗ ಹೋಗಿ ಅವರ ಮಂದಿಗೆ ಸುದ್ದಿ ಹೇಳ್ರಿ. ಏನೂ ಹೊಸಾದಿಲ್ಲಂದ್ರ ಏನೂ ಹೊಸಾದಿಲ್ಲ ಅಂತನ ಹೇಳ್ರಿ." ಕಾವಲುಗಾರ ಬರಲು ಹನ್ನೊಂದು ತಿಂಗಳು ಹಿಡಿಯಿತು. ಸುದ್ದಿ ಹೇಳುವುದು ಮಾತ್ರ ಅವತ್ತೇ ಶುರುವಾಯಿತು. ಬಾಗಿಲು ಒದೆಯುವವರು ಕಡಿಮೆಯಾದರು. ಆ ತಗ್ಗನ್ನು ತಟ್ಟಿ ಸರಿಮಾಡುತ್ತೇವೆಂದು ಒಮ್ಮೆ ರಿಪೇರಿಯವರು ಬಂದಿದ್ದರು. ನೀಲಾಂಬಿಕಾ ಬೇಡವೆಂದರು. ನನಗೂ ಅದೇ ಬೇಕಿತ್ತು.

ಅವರು ನಿವೃತ್ತರಾದ ದಿನ ಶಾಲು ಹೊದೆಸಿ, ಫಲತಾಂಬೂಲ ಕೊಟ್ಟು, ಮಾತಾಡಿ ಎಂದು ಒತ್ತಾಯಿಸಿದರು. "ಪಾಳಿ ಇನ್ನೂ ಮುಗಿದಿಲ್ಲ" ಎಂದು ಎದ್ದುಬಂದು, ಶಾಲು ಹೆಗಲ ಮೇಲಿರುವಾಗಲೇ ನನ್ನ ಐದೂ ಡ್ರಾಯರು ಪರೀಕ್ಷಿಸಿ, ಕಟ್ಟು ಹಾಕಿ, ಸಹಿ ಮಾಡಿ ಹೋದರು. ಪ್ರಫುಲ್ಲಾ ಇನ್‌ಚಾರ್ಜ್ ಆದಳು.

ಅದಾದ ಎರಡನೇ ವರ್ಷದ ಭಾದ್ರಪದದಲ್ಲಿ ನನ್ನ ಬಾಳಿನ ದೊಡ್ಡ ದಿನ ಬಂತು.

ಮಧ್ಯಾಹ್ನ ಮೂರು ಗಂಟೆ. ಒಂದು ಟ್ರ್ಯಾಕ್ಟರು ಹಾರನ್ ಹೊಡೆಯುತ್ತ ಆಸ್ಪತ್ರೆಯ ಅಂಗಳಕ್ಕೆ ನುಗ್ಗಿತು. ಟ್ರೇಲರಿನಲ್ಲಿ ಹನ್ನೊಂದು ಮಂದಿ ಹೆಣ್ಣುಮಕ್ಕಳು. ಮೆಣಸಿನಕಾಯಿ ಹೊಲಕ್ಕೆ ಕಳೆ ತೆಗೆಯಲು ಹೋದ ಕೂಲಿಯವರು. ಬೆಳಿಗ್ಗೆ ಕೀಟನಾಶಕ ಹೊಡೆದ ಹೊಲಕ್ಕೆ ಗೊತ್ತಿಲ್ಲದೆ ಇಳಿದಿದ್ದರು. ಕೆಲವರು ವಾಂತಿ ಮಾಡುತ್ತಿದ್ದರು, ಕೆಲವರಿಗೆ ಬೆವರು ಧಾರೆಯಾಗಿ ಇಳಿಯುತ್ತಿತ್ತು. ದುರಗವ್ವ ಎಂಬ ಹತ್ತೊಂಬತ್ತರ ಹೆಣ್ಣುಮಗಳು ಬಾಯಲ್ಲಿ ನೊರೆ ಕಟ್ಟಿ, ತುಟಿ ನೀಲಿಗಟ್ಟಿ ಮಲಗಿದ್ದಳು.

ಪ್ರಫುಲ್ಲಾ ಬಾಗಿಲಿಗೆ ಓಡಿದಳು. ಘಾಟು ಮೂಗಿಗೆ ಬಡಿಯಿತು. ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಳು.

"ಒಳಗ ತರಬ್ಯಾಡ್ರಿ! ಗಿಡದ ಕೆಳಗ ಇಳಸ್ರಿ!"

ಹಿಂದಿನಿಂದ ಡಾಕ್ಟರ್ ಇನಾಮದಾರ್ ಬಂದರು. ದುರಗವ್ವನ ತುಟಿ ನೋಡಿ ಅವರಿಗೂ ಗಾಬರಿ. "ಸಿಸ್ಟರ್, ಸರೀರಿ, ಒಳಗ ತರ್ರಿ, ಹೋಗಿಬಿಡ್ತಾಳ!"

"ಬ್ಯಾಡ್ರಿ ಸರ್. ಅವರ ಮೈ ಮ್ಯಾಗ, ಅರಿವಿ ಮ್ಯಾಗ ಔಷಧ ಐತಿ. ಒಳಗ ತಂದ್ರ ನಾವೂ ಬೀಳ್ತೀವಿ, ಆರೂ ಮಂಚದಾಗಿನ ಪೇಷಂಟೂ ಬೀಳ್ತಾರ. ಗಾಡೀನ ಹೊರಗ ಒಯ್ಯೂಣ್ರಿ."

ಒಂದೇ ಕ್ಷಣ. ಡಾಕ್ಟರು ತಲೆಯಾಡಿಸಿದರು. "ಖರೆ. ಗಾಡಿ ತರ್ರಿ."

ಹೀಗೆ ನಾನು ಮೊದಲ ಬಾರಿಗೆ ಹೊಸ್ತಿಲು ದಾಟಿದೆ. ನಮ್ಮ ಗಂಡುನರ್ಸು ಬ್ರದರ್ ಈರಣ್ಣ ನನ್ನನ್ನು ಇಳಿಜಾರಿನಲ್ಲಿ ಇಳಿಸಿ, ಕಡಿಗಲ್ಲಿನ ಮೇಲೆ ಎತ್ತಿ ಎತ್ತಿ ಬೇವಿನ ಮರದ ಕೆಳಗೆ ತಂದು ನಿಲ್ಲಿಸಿದ. ಎಲ್ಲರೂ ಏಪ್ರನ್ನು, ಮುಖಗವಸು, ದಪ್ಪ ರಬ್ಬರಿನ ಕೈಗವಸು ಹಾಕಿಕೊಂಡರು. ಆಯಾ ಸಿದ್ದವ್ವ ಮತ್ತು ನಾಲ್ವರು ಹೆಂಗಸರು ಹಾಸಿಗೆಯ ಚಾದರಗಳನ್ನು ಗೋಡೆಯ ಹಾಗೆ ಹಿಡಿದು ಸುತ್ತ ನಿಂತರು. ಒಳಗೆ ಬಟ್ಟೆ ಬಿಚ್ಚಿ ಚೀಲಕ್ಕೆ ಹಾಕಿ, ತೋಟದ ಪೈಪಿನಿಂದ ತಲೆಯಿಂದ ಕಾಲಿನವರೆಗೆ ಸಾಬೂನು ಹಚ್ಚಿ ತೊಳೆದರು.

ಚಾದರದ ಆಚೆಯಿಂದ ಒಬ್ಬ ಗಂಡಸು ಕೂಗಿದ. "ಸಾಯಾಕತ್ತಾರ, ನೀವು ಜಳಕ ಮಾಡಸ್ತೀರೇನ್ರಿ!"

ಪ್ರಫುಲ್ಲಾ ತಲೆಯೆತ್ತದೆ ಉತ್ತರ ಕೊಟ್ಟಳು. "ವಿಷ ಚರ್ಮದಾಗಿಂದ ಇನ್ನೂ ಒಳಗ ಇಳ್ಯಾಕತ್ತೈತಿ, ಅಣ್ಣಾರ. ತೊಳದ್ರ ನಿಲ್ತೈತಿ. ನೀವೂ ನೀರು ತರ್ರಿ, ಆದ್ರ ಮುಟ್ಟಬ್ಯಾಡ್ರಿ." ಅವನು ಕೊಡ ಹುಡುಕಲು ಓಡಿದ.

ದುರಗವ್ವನಿಗೆ ಕಾಯಲು ಸಮಯವಿರಲಿಲ್ಲ. ಒಂದು ಕಡೆ ತೊಳೆಯುತ್ತಿರುವಾಗಲೇ ಇನ್ನೊಂದು ಕಡೆ ಬಾಯಿಯ ನೊರೆ ಹೀರಿ ತೆಗೆದು ಆಕ್ಸಿಜನ್ ಕೊಟ್ಟರು. ನನ್ನ ಕಟ್ಟು ಮುರಿಯಿತು. ಡಾಕ್ಟರು ಲ್ಯಾರಿಂಗೋಸ್ಕೋಪ್ ಬಿಡಿಸಿದರು. ಹಾಡುಹಗಲಿನ ಬಿಸಿಲಲ್ಲಿ ಆ ಪುಟ್ಟ ದೀಪ ಕಾಣಿಸಿತೋ ಇಲ್ಲವೋ ಎನ್ನುವಷ್ಟು. ಆದರೆ ಗಂಟಲೊಳಗಿನ ಕತ್ತಲೆಗೆ ಅಷ್ಟೇ ಸಾಕಿತ್ತು. ಕೊಳವೆ ಮೊದಲ ಯತ್ನಕ್ಕೇ ಇಳಿಯಿತು.

"ಅಟ್ರೋಪಿನ್ ಐದು ಆಂಪೂಲು."

"ಅಟ್ರೋಪಿನ್, ಐದು ಆಂಪೂಲು. ಈರಣ್ಣಾ, ನೋಡು."

"ಓದಿದೆ. ಅಟ್ರೋಪಿನ್, ಐದು."

"ಕೊಟ್ಟೆ."

ಐದು ನಿಮಿಷಕ್ಕೆ ಮತ್ತೆ ಹತ್ತು. ಆಮೇಲೆ ಇನ್ನೂ. ಈ ವಿಷಕ್ಕೆ ಎದೆಯ ಗೊರಗೊರ ನಿಲ್ಲುವವರೆಗೆ ಕೊಡುತ್ತಲೇ ಇರಬೇಕು. ಮಾಮೂಲಿನ ಗಾಡಿಯಾಗಿದ್ದರೆ ಔಷಧ ಹತ್ತು ನಿಮಿಷದಲ್ಲಿ ಮುಗಿದಿರುತ್ತಿತ್ತು. ಆದರೆ ಹೊಲಗಳಿಗೆ ಕೀಟದ ಔಷಧ ಹೊಡೆಯುವ ತಿಂಗಳು ಬಂತೆಂದರೆ ಪ್ರಫುಲ್ಲಾ ನನ್ನ ಕೊನೆಯ ಡ್ರಾಯರಿನ ತುಂಬ ಅಟ್ರೋಪಿನ್ ತುಂಬಿಡುತ್ತಿದ್ದಳು. ಉಗ್ರಾಣದವರ ಜೊತೆ ಪ್ರತಿ ವರ್ಷ ಜಗಳ ಆಡಿ ತರುತ್ತಿದ್ದಳು. ಆ ಡ್ರಾಯರು ಬರಿದಾಗುವ ಹೊತ್ತಿಗೆ ಜಿಲ್ಲಾ ಆಸ್ಪತ್ರೆಯಿಂದ ಹೊರಟ ಪೆಟ್ಟಿಗೆಗಳು ಬಂದು ಇಳಿದಿದ್ದವು.

ಸೂರ್ಯ ಮುಳುಗುವ ಮುಂಚೆ ಏಳು ಮಂದಿ ಎದ್ದು ಕೂತಿದ್ದರು. ಮೂವರನ್ನೂ ದುರಗವ್ವನನ್ನೂ ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸಿದರು. ದುರಗವ್ವ ಒಂಬತ್ತು ದಿನ ಯಂತ್ರದ ಉಸಿರಿನಲ್ಲಿದ್ದಳು. ಹನ್ನೊಂದು ಮಂದಿಯಲ್ಲಿ ಹನ್ನೊಂದು ಮಂದಿಯೂ ಉಳಿದರು. ನಮ್ಮವರಲ್ಲಿ ಒಬ್ಬರಿಗೂ ತಲೆನೋವು ಸಹ ಬರಲಿಲ್ಲ. ಅವತ್ತು ನಾನು ಕೆಸರು ಮೆತ್ತಿದ ಚಕ್ರಗಳಲ್ಲಿ ನನ್ನ ಜಾಗಕ್ಕೆ ಮರಳಿದೆ. ಎಲ್ಲರೂ ದಣಿದು ಹೋಗಿದ್ದರು. ಆದರೂ ನನ್ನನ್ನು ತೊಳೆದು, ತುಂಬಿ, ಹೊಸ ಕಟ್ಟು ಹಾಕಿದ ಮೇಲೆಯೇ ಪ್ರಫುಲ್ಲಾ ಚಹ ಕುಡಿದದ್ದು.

ಎರಡು ತಿಂಗಳ ಮೇಲೆ ದುರಗವ್ವ ನಡೆದುಕೊಂಡು ಬಂದಳು. ಜೊತೆಗೆ, ಅವತ್ತು ಅದೇ ಟ್ರೇಲರಿನಲ್ಲಿದ್ದ ಅವಳ ಅತ್ತೆ. ದುರಗವ್ವ ಬಾಗಿಲಲ್ಲೇ ನಿಂತು ಗಟ್ಟಿಯಾಗಿ ಕೇಳಿದಳು. "ಅವತ್ತ ಅಂಗಳದಾಗ ನನ್ನ ಸೀರಿ ಬಿಚ್ಚಿದಾಕಿ ಯಾರು?"

ಪ್ರಫುಲ್ಲಾ ಮುಂದೆ ಬಂದಳು. "ನಾನ, ತಂಗಿ."

"ಮುಚ್ಚಿದಾಕಿನೂ ನೀನ ಅಂತ. ನಮ್ಮತ್ತಿ ಹೇಳಿದ್ಲು. ನಾಕೂ ಕಡೆ ಚಾದರ ಹಿಡಿಸಿ, ಒಬ್ಬರ ಕಣ್ಣೂ ಬೀಳದಂಗ ನೋಡ್ಕೊಂಡಿ ಅಂತ." ಪ್ರಫುಲ್ಲಾಳ ಎರಡೂ ಕೈ ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು.

ನನಗೆ ಈಗ ವಯಸ್ಸಾಗಿದೆ. ಒಂದು ಚಕ್ರ ವಾಲುತ್ತದೆ, ಮೂರನೇ ಡ್ರಾಯರು ಕಚ್ಚುತ್ತದೆ. ಕಚ್ಚುವ ಡ್ರಾಯರಿಗೆ ತುರ್ತು ವಿಭಾಗದಲ್ಲಿ ಜಾಗವಿಲ್ಲ, ಇರಕೂಡದು. ಹೊಸ ಗಾಡಿ ಬಂದ ದಿನ ಪ್ರಫುಲ್ಲಾಳೇ ನನ್ನ ನಿವೃತ್ತಿಯ ಕಾಗದಕ್ಕೆ ಸಹಿ ಹಾಕಿದಳು. ಗುಜರಿಗೆ ಹೋಗಬೇಕಾಗಿದ್ದ ನನ್ನನ್ನು ಜಿಲ್ಲೆಯ ನರ್ಸಿಂಗ್ ಶಾಲೆಗೆ ಕೇಳಿ ಕಳಿಸಿದವಳೂ ಅವಳೇ.

ಇಲ್ಲಿ ನನ್ನ ಆಂಪೂಲುಗಳಲ್ಲಿರುವುದು ಬರೀ ನೀರು. ಎದುರಿನ ಮಂಚದ ಮೇಲೆ ಒಂದು ರಬ್ಬರಿನ ಗೊಂಬೆ ಮಲಗಿದೆ. ಹುಡುಗಿಯರು ಒಬ್ಬೊಬ್ಬರಾಗಿ ಬಂದು ಅದರ ಎದೆ ಒತ್ತುತ್ತಾರೆ, ನನ್ನ ಡ್ರಾಯರು ತೆರೆಯುತ್ತಾರೆ, ಔಷಧದ ಹೆಸರು ಕೂಗಿ ಹೇಳುತ್ತಾರೆ. ಗೊಂಬೆ ಇದುವರೆಗೆ ನೂರಾರು ಸಲ ಸತ್ತಿದೆ. ಸಾಯಲಿ. ಇಲ್ಲಿ ಅದು ಸತ್ತಷ್ಟೂ ಒಳ್ಳೆಯದು.

ನಿನ್ನೆ ಒಬ್ಬ ಹುಡುಗಿಯ ಕೈಯಲ್ಲಿ ಮೂರು ಸಲ ಸತ್ತಿತು. ಉಳಿದವರು ಊಟಕ್ಕೆ ಹೋದರು. ಅವಳು ಹೋಗಲಿಲ್ಲ. ಕಲಿಸುವ ಮೇಡಂ ಕೇಳಿದರು. "ಯಾಕ ಸತ್ತಿತು, ಹೇಳು ನೋಡೂಣು."

"ನಾ ಆಂಪೂಲ ಓದಲಿಲ್ರಿ, ಮೇಡಂ. ಓದಿದಂಗ ಮಾಡಿದೆ, ಅಷ್ಟ." ಗೊಂಬೆಯ ಕಡೆ ತಿರುಗಿ ಕೇಳಿದಳು. "ಇನ್ನೊಮ್ಮಿ ಮಾಡ್ಲೇನ್ರಿ?"

"ಮಾಡು."

ಅವಳು ನನ್ನ ಹಿಡಿಕೆ ಹಿಡಿದು ಬ್ರೇಕು ಬಿಟ್ಟಳು. ಗೊಂಬೆ ಇದ್ದದ್ದು ಹನ್ನೆರಡು ಅಡಿ ದೂರ. ನಾನು ಓಡಿದೆ.